ಭೀಮನ ಹಿಡಿಯಲ್ಲಿ ಅಳೆದ ಖಾರ

ಆತಗೂರು, ಮದ್ದೂರು ತಾಲ್ಲೂಕು
ಶನಿವಾರ, 14 ಜೂನ್ 2025, ಬೆಳಗಿನ ಎಂಟು ಗಂಟೆ

ನನ್ನ ಮನೆಯ ಮಹಾರಾಣಿ ದೇವೀರಮ್ಮನಿಗೆ,

ಹೇಗಿದ್ದೀಯ? ನಿನ್ನ ಮಂಡಿ ನೋವು ಹೇಗಿದೆ? ಶಿವನಸಮುದ್ರದ ಆ ಕ್ವಾರ್ಟರ್ಸಿನ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ದೀಪಿಕಳ ಮೈ ಸುಧಾರಿಸಿತೆ? ಮೊಮ್ಮಗ ಹಾಲು ಕುಡಿದು ಚೆನ್ನಾಗಿ ನಿದ್ದೆ ಮಾಡುತ್ತಾನೆಯೆ? ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, ದಾರಿಯಲ್ಲಿ ಅಲ್ಲಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಗಳ ಬಾಣಂತನ ಅವಳ ಗಂಡನ ಮನೆಯಲ್ಲೇ ಆಗುವಂತಾಯಿತು, ನೀನೂ ಅಲ್ಲಿಗೆ ಹೋಗುವಂತಾಯಿತು. ಇಲ್ಲದಿದ್ದರೆ ಆ ಕುಮಾರ ಕಂಠೀರವ ಇಷ್ಟು ಹೊತ್ತಿಗೆ ನಮ್ಮ ನಡುಮನೆಯ ತೊಟ್ಟಿಲಲ್ಲಿ ಮಲಗಿ ತಾತನ ಕಂದಪದ್ಯ ಕೇಳುತ್ತಿದ್ದ. ನಾಮಕರಣದ ದಿನ ಅವನನ್ನು ಎತ್ತಿಕೊಂಡು, ಸಂತೋಷ ತಡೆಯಲಾರದೆ ಭೀಮನ ಪ್ರತಿಜ್ಞೆಯ ಬರೀ ಎರಡು ಸಾಲು ಹೇಳಿದೆ. ಕೂಸು ಮಧ್ಯಾಹ್ನದವರೆಗೂ ಅತ್ತಿತು. "ಅಪ್ಪಾ, ಮಗೀಗೆ ಮೂರ್ ತಿಂಗ್ಳು ತುಂಬಾಗಂಟ ಇತ್ಲಾಗ್ ಬರಾದೂ ಬ್ಯಾಡ, ಫೋನ್ ಮಾಡಾದೂ ಬ್ಯಾಡ. ನೀನು ಫೋನಲ್ಲಿ ಮಾತಾಡುದ್ರೆ ಪಕ್ಕದ್ ಮನೆ ಮಕ್ಳೂ ಎದ್ಬುಡ್ತವೆ" ಎಂದಳು ದೀಪಿಕ. ಊರಹಬ್ಬದ ನಾಟಕದಲ್ಲಿ ಭೀಮನಾಗಿ ಮೈಕಿಲ್ಲದೆ ಮೂರು ಸಾವಿರ ಜನರಿಗೆ ಕೇಳಿಸುವಂತೆ ಗರ್ಜಿಸಿದ ಗಂಟಲು ಇದು; ಮಗಳ ಮುಂದೆ ಮುಚ್ಚಿಕೊಂಡಿತು. ಅದಕ್ಕೇ ಈ ಪತ್ರ. ಅಳಿಯಂದಿರ ಜೊತೆ ಪವರ್ ಹೌಸಿನಲ್ಲಿ ಕೆಲಸ ಮಾಡುವ ನಮ್ಮೂರ ಸಿದ್ದೇಶ ರಜೆ ಮುಗಿಸಿ ಈಗ ಹೊರಡುತ್ತಾನೆ, ಅವನ ಕೈಯಲ್ಲೇ ಕೊಡುತ್ತೇನೆ.

ಹೋದ ತಿಂಗಳು ಅವನ ಬಾಯಲ್ಲಿ ನೀನು ಕೇಳಿಸಿದ್ದು ಒಂದೇ ಮಾತು: "ಅತ್ತೆ ಸರ್ಯಾಗಿ ಉಣ್ತಾವ್ರಾ?" ಗಂಡ ಉಣ್ಣುತ್ತಾನೆಯೆ ಎಂದು ಕೇಳಲಿಲ್ಲ. ಇರಲಿ! ಉತ್ತರ ಹೇಳುತ್ತೇನೆ, ಕೇಳು. ನೀನು ಹೋದ ಎಂಟನೇ ದಿನಕ್ಕೆ ಅವ್ವನಿಗೆ ಜ್ವರ ಬಂತು. ನಾಲ್ಕು ದಿನದಲ್ಲಿ ಜ್ವರ ಬಿಟ್ಟಿತು, ಬಾಯಿ ಮಾತ್ರ ಕೆಟ್ಟೇ ಹೋಯಿತು. ಏನು ಕೊಟ್ಟರೂ ಎರಡು ತುತ್ತು, ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ತಳ್ಳುವುದು. ಮದ್ದೂರಿನ ಡಾಕ್ಟರಿಗೆ ತೋರಿಸಿದೆ. ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ತಿಂದರೆ ಎಲ್ಲ ಸರಿಹೋಗುತ್ತದೆ ಎಂದರು. ತಿಂದರೆ ತಾನೆ? ಮಣಿಕಟ್ಟಿನಲ್ಲಿ ಬಿಗಿಯಾಗಿದ್ದ ಅವ್ವನ ಬಳೆ ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು. ಗಂಜಿ ಬೇಡ, ಬೇಳೆಸಾರು ಬೇಡ, ಹೋಟೆಲಿನ ಇಡ್ಲಿಯನ್ನಂತೂ ನೋಡಿ "ಅತ್ತಿ ತಿಂದಂಗಾಯ್ತದೆ, ಎತ್ಲಾ ಅತ್ಲಾಗೆ" ಎಂದಳು. ನಿಜ ಹೇಳುತ್ತೇನೆ ದೇವೀರ, ಎಂಬತ್ತನಾಲ್ಕು ವರ್ಷದ ತಾಯಿ ತಟ್ಟೆ ತಳ್ಳುವುದನ್ನು ನೋಡಿ ಈ ಭೀಮಸೇನನ ಗದೆ ಕೈಜಾರಿತು.

ಆಗ ನನಗೆ ಹೊಳೆಯಿತು: ಈ ನಾಲಗೆಗೆ ಬೇಕಾದದ್ದು ಔಷಧಿಯಲ್ಲ, ಖಾರ! ಮೂವತ್ತೊಂದು ವರ್ಷ ನಿನ್ನ ಸಾರು ಉಂಡ ನಾಲಗೆ ಅದು. ಉಂಡಷ್ಟು ದಿನವೂ ನಿನ್ನನ್ನು ಬೈದದ್ದು ನನಗೆ ಗೊತ್ತಿಲ್ಲವೆ? "ಇವ್ಳು ಸಾರು ಮಾಡ್ತಾಳೋ, ಸೇಡು ತೀರುಸ್ಕತಾಳೋ!" ಎನ್ನುತ್ತ, ಮೂಗು ಒರೆಸಿಕೊಳ್ಳುತ್ತ, ತಟ್ಟೆ ಬಳಿದು ನೆಕ್ಕುತ್ತಿದ್ದಳು. ಸಿದ್ದೇಶನ ಹತ್ತಿರ ನಾಟಿಕೋಳಿ ಸಾರಿನ ಅಳತೆ ಕೇಳಿಕಳಿಸಿದ್ದೂ ಇದಕ್ಕೇ. ಬ್ಯಾಡಗಿ ಮೆಣಸಿನಕಾಯಿ ಎರಡು ಹಿಡಿ, ಗುಂಟೂರು ಒಂದು ಹಿಡಿ, ಕೊತ್ತಂಬರಿ ಬೀಜ ಎರಡು ಹಿಡಿ ಎಂದು ನೀನು ಹೇಳಿಕಳಿಸಿದೆ. ನಾಟಕದ ಮಾತು ಬಾಯಿಪಾಠ ಮಾಡಿದ ಹಾಗೆ ಮಾಡಿದೆ. ಅಕ್ಷರ ತಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ ಅಡುಗೆಮನೆಯೆಂಬ ರಣರಂಗವನ್ನು ಹೊಕ್ಕೆ. ಬಾಣಲೆ ಕಾದಿತು. ಮೆಣಸಿನಕಾಯಿ ಬಿತ್ತು. ಘಾಟು ಎದ್ದಿತು ನೋಡು! ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕೆಮ್ಮು. ಹಾಲಿನ ಡೈರಿಗೆ ಹೊರಟವರು ಕ್ಯಾನು ಕೆಳಗಿಟ್ಟು ಸೀನಿದರು. ಮಿಕ್ಸಿಗೆ ಹಾಕೋಣವೆಂದರೆ ಕರೆಂಟಿಲ್ಲ. ಮಗಳನ್ನು ಪವರ್ ಹೌಸಿನವನಿಗೆ ಕೊಟ್ಟ ಮಾವನ ಮನೆಯಲ್ಲೇ ಕರೆಂಟಿಲ್ಲ! ಹಿತ್ತಿಲ ಒರಳುಕಲ್ಲಿನಲ್ಲಿ ರುಬ್ಬಿದೆ. ರುಬ್ಬಿದ ಕೈಯಲ್ಲೇ ಬೆವರು ಒರೆಸಿಕೊಂಡೆ, ಅದೇ ಕೈ ಕಣ್ಣಿಗೂ ಹೋಯಿತು. ಗರ್ಜನೆ ಕೇಳಿ ಓಡಿಬಂದವನು ಅಕ್ರಂ ಪಾಷಾ. ಪಂಪ್‌ಸೆಟ್ ರಿಪೇರಿಗೆ ಬಂದಿದ್ದ ನಮ್ಮ ನಾಟಕದ ತಂಡದ ಶಕುನಿ, ನನ್ನ ಕೈ ಹಿಡಿದು ಮಜ್ಜಿಗೆ ಪಾತ್ರೆಯಲ್ಲಿ ಅದ್ದಿದ. ನಾನು ಮುರಿದು ಹಾಕಿದ ಮೆಣಸಿನಕಾಯಿ ತೊಟ್ಟಿನ ಗುಡ್ಡೆ ನೋಡಿ "ಅಣ್ಣಾ, ಎಷ್ಟ್ ಆಕ್ದೆ?" ಎಂದ. ಮೂರು ಹಿಡಿ ಎಂದೆ. "ಯಾರ್ ಹಿಡಿ?" ಎಂದ.

ಅಲ್ಲಿ ಬೆಳಕಾಯಿತು ನನಗೆ. ನೀನು ಹೇಳಿದ್ದು ನಿನ್ನ ಹಿಡಿ. ಹತ್ತು ಮೆಣಸಿನಕಾಯಿ ಹಿಡಿಸಿದರೆ ಹೆಚ್ಚು. ನಾನು ಹಾಕಿದ್ದು ಗದೆ ಹಿಡಿಯುವ ಹಿಡಿ! ಒಂದರಲ್ಲಿ ಇಪ್ಪತ್ತೈದಾದರೂ ಇತ್ತು. ಕೋಳಿ ಮಾತ್ರ ಒಂದೇ. ಚೆಲ್ಲಲು ಮನಸ್ಸಾಗಲಿಲ್ಲ, ಮಾಡೇ ಮಾಡಿದೆ.

ಸಾರು ಕುದಿಯುವಾಗಿನ ಬಣ್ಣ ನೀನು ನೋಡಬೇಕಿತ್ತು. ರಕ್ತಗೆಂಪು, ಮೇಲೆ ಎಣ್ಣೆ ತೇಲುತ್ತ, ಕುದಿಯುವ ಸದ್ದೇ ಸಿಟ್ಟಿನದು. ಅಕ್ರಂ ಮೊದಲ ತುತ್ತು ನುಂಗಿ ಎರಡು ಕೈಯಲ್ಲೂ ಬಾಯಿಗೆ ಗಾಳಿ ಹಾಕಿಕೊಂಡ. ಆಮೇಲೆ "ಅಣ್ಣಾ, ಇದು ಸಾರಾ, ಕೌರವ್ರ ಮ್ಯಾಲೆ ಬುಡೋ ಬಾಣಾನಾ?" ಎಂದು ಹೊರಗೋಡಿ, ಒಂದು ಚೊಂಬು ನೀರು ಕುಡಿದು, ಬೇವಿನ ಮರದ ಕೆಳಗೆ ನಾಲಗೆ ಚಾಚಿ ನಿಂತ. ಅಯ್ಯೋ ಪಾಪ ಎಂದುಕೊಳ್ಳುವಷ್ಟರಲ್ಲಿ ತಟ್ಟೆ ಹಿಡಿದು ವಾಪಸು ಬಂದ: "ಉರೀತದೆ ಕಣಣ್ಣೋ. ಇನ್ನೊಂದ್ ಸೌಟು ಆಕು." ನಾನೂ ಬಡಿಸಿಕೊಂಡೆ. ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎನಿಸಿದೆ. ಮೊದಲು ಏನೂ ಇಲ್ಲ, ಮೆತ್ತಗೆ. ಆಮೇಲೆ ತುಟಿ ಚುರುಗುಟ್ಟಿತು, ಕಿವಿ ಕಾದಿತು, ನೆತ್ತಿಯಲ್ಲಿ ಬೆವರೊಡೆಯಿತು, ಮೂಗು ಕಣ್ಣು ಒಟ್ಟಿಗೆ ಹರಿದವು. ಆದರೆ ಕೈ? ಕೈ ತಟ್ಟೆ ಬಿಡಲಿಲ್ಲ! ಅಳುತ್ತ ಉಣ್ಣುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತ, ಭೀಮ ಶಕುನಿ ಇಬ್ಬರೂ ಕೋಳಿಯ ಮೂಳೆ ಸೀಪಿದೆವು. ಪಾಪ, ನಿನಗೆ ಅಲ್ಲಿ ಬಾಣಂತಿಯ ಸಪ್ಪೆ ಸಾರೇ ಗತಿ ಎಂದು ನೆನೆದು ಇನ್ನೊಂದು ಸೌಟು ನಿನ್ನ ಹೆಸರಿನಲ್ಲಿ ಹಾಕಿಕೊಂಡೆ.

ಅವ್ವನಿಗೆ ಬಡಿಸುವಾಗ ಮಾತ್ರ ಮೇಲಿನ ಎಣ್ಣೆ ಸರಿಸಿದೆ. ಬರೀ ಅರ್ಧ ಸೌಟು ಹಾಕಿದೆ. ಗೋಡೆಗೆ ಒರಗಿ ಕೂತಿದ್ದವಳು ಬಗ್ಗಿ ಮೂಸಿ ನೋಡಿದಳು. ಒಂದು ತುತ್ತು ನುಂಗಿದಳು. ಅವಳ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಎರಡನೇ ತುತ್ತು. ಮೂರನೇ ತುತ್ತು. ತಟ್ಟೆ ತಳ್ಳುವ ಜಾಗ ಬಂತು, ತಳ್ಳಲಿಲ್ಲ! "ಏನ್ಲಾ ಪಿಳಿಪಿಳಿ ನೋಡ್ತಾ ನಿಂತಿದ್ದೀಯೆ? ಸಾರಾಕ್ಲಾ" ಎಂದಳು. ಎರಡು ಮುದ್ದೆ, ದೇವೀರಾ! ತಿಂಗಳಿಂದ ಎರಡು ತುತ್ತು ಉಂಡವಳು ಎರಡು ಮುದ್ದೆ ಉಂಡಳು. ಅಕ್ರಂ ಸಿಳ್ಳೆ ಹೊಡೆದ. ನಾನು ಸೌಟನ್ನು ಗದೆಯ ಹಾಗೆ ಹೆಗಲ ಮೇಲಿಟ್ಟು ನಡುಮನೆಯಲ್ಲಿ ಒಂದು ಸುತ್ತು ಬಂದೆ.

ಅಂದಿನಿಂದ ಈ ಮನೆಯಲ್ಲಿ ಖಾರದ ಸಾಮ್ರಾಜ್ಯ. ಸೋಮವಾರ ಸೊಪ್ಪು ಕಾಳು ಬೇಯಿಸಿ ಬಸಿದ ಉಪ್ಪೆಸ್ರು, ಜೊತೆಗೆ ಬೆಳ್ಳುಳ್ಳಿ ಮೆಣಸು ಅರೆದ ಖಾರ. ಮಂಗಳವಾರ ಹುರುಳಿಕಟ್ಟಿನ ಸಾರು. ಬುಧವಾರ ಮೊಟ್ಟೆ. ಅವ್ವ ದಿನವೂ ಹೊಟ್ಟೆ ತುಂಬ ಉಂಡು, ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ. ಆದ್ದರಿಂದ ನೀನು ಯಾವ ಚಿಂತೆಯನ್ನೂ ಇಟ್ಟುಕೊಳ್ಳದೆ ಬಾಣಂತನ ಮುಗಿಸಿಕೊಂಡು ಬಾ.

ದೀಪಿಕಳಿಗೂ ಅಳಿಯಂದಿರಿಗೂ ಆಶೀರ್ವಾದ. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು, ಸದ್ದಿಲ್ಲದ್ದು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ.

ಎಂದೆಂದೂ ನಿನ್ನವನು,
ಪುಟ್ಟಸ್ವಾಮಿ

ತಾ.ಕ.: ಸಿದ್ದೇಶ ಬೈಕು ಸ್ಟಾರ್ಟ್ ಮಾಡಿ ಹಾರ್ನು ಒತ್ತುತ್ತಿದ್ದಾನೆ. ಕೊನೆಯಲ್ಲಿ ಕೊಂಚ ಬಣ್ಣ ಬಳಿದುಬಿಟ್ಟೆ, ಬಾಣಂತಿ ಮನೆಯಲ್ಲಿ ನೀನು ಕೊರಗಬೇಡವೆಂದು. ಎರಡು ಮುದ್ದೆ ಉಂಡದ್ದು ಸತ್ಯ, ಆದರೆ ಅದೊಂದೇ ದಿನ. ಸೋಮವಾರ ಒಂದು ಮುದ್ದೆ, ಬುಧವಾರ ಅರ್ಧ, ನಿನ್ನೆ ಮತ್ತೆ ತಟ್ಟೆ ಪಕ್ಕಕ್ಕೆ. ಯಾಕವ್ವ, ಖಾರ ಸಾಲದೆ ಎಂದು ಕೇಳಿದೆ. "ಖಾರೇನೋ ಬೇಕಾದಷ್ಟದೆ ಕಣ್ಲಾ ಮಗ. ನೀನು ಮಾಡಾದು ಬರೀ ಖಾರ. ಅವ್ಳು ಮಾಡಾದು ಸಾರು" ಎಂದಳು. ಅವ್ವ ನಿನ್ನ ಸಾರನ್ನು ಹೊಗಳಿದ್ದು ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು! ಇವತ್ತು ಬೆಳಿಗ್ಗೆ ಎದ್ದವಳೇ "ಅವ್ಳಿರೋ ತಾವ್ಕೆ ನನ್ನ ಕರ್ಕಂಡೋಗ್ಲಾ. ಯಾರಾರ ಕೇಳುದ್ರೆ ಮರಿಮಗನ್ನ ನೋಡಕ್ಕೆ ಬಂದವ್ಳೆ ಅನ್ನು" ಎಂದು ಟ್ರಂಕಿನಿಂದ ಹೊಸ ಸೀರೆ ತೆಗೆಸಿದಳು. ನಾಳೆ ಮೊದಲನೇ ಬಸ್ಸಿಗೆ ಹೊರಟು, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹತ್ತು ಗಂಟೆಗೆಲ್ಲ ಬರುತ್ತೇವೆ. ಕೂಸಿನ ಹತ್ತಿರ ಬಾಯಿ ಬಿಡುವುದಿಲ್ಲವೆಂದು ದೀಪಿಕಳಿಗೆ ಹೇಳು. ಕೋಳಿ ನಾನು ತರುತ್ತೇನೆ. ಮಸಾಲೆ ರುಬ್ಬಿಟ್ಟಿರು, ಮುದುಕಿ ಎಂದು ಒಂದು ಮೆಣಸಿನಕಾಯಿಯನ್ನೂ ಕಡಿಮೆ ಮಾಡಬೇಡ. ಅವ್ವ ಹಸಿದುಕೊಂಡೇ ಬಸ್ಸು ಹತ್ತುತ್ತಾಳಂತೆ.