ನಿಮ್ಮ ಹೆಸರಿನಲ್ಲಿ ಕೊಟ್ಟ ಉತ್ತರ

ಸ್ಪಾರ್ಟನ್‌ಬರ್ಗ್, ಮಂಗಳವಾರ

ಕೊರಿನ್ ಅವರೇ,

ನಾನು ವೆಲ್ಮಾ ಟಿಸ್ಡೇಲ್. ಷಾರ್ಲೆಟ್‌ನಿಂದ ಅಟ್ಲಾಂಟಾಕ್ಕೆ ಲಾರಿ ಓಡಿಸುತ್ತೇನೆ. ಕಳೆದ ಗುರುವಾರ ಮಧ್ಯಾಹ್ನ ಎಂಬತ್ತೈದನೇ ಹೆದ್ದಾರಿಯಲ್ಲಿ, ಜಾರ್ಜಿಯಾ ಗಡಿಗೆ ಸ್ವಲ್ಪ ಮೊದಲು, ನಿಮ್ಮ ತಂದೆಯ ಕಾರು ತಡೆಗೋಡೆಗೆ ಬಡಿದಾಗ ಇಳಿದು ಓಡಿದವಳು ನಾನೇ. ಆಂಬುಲೆನ್ಸ್ ಬರುವವರೆಗೆ ಅವರ ಕೈ ಹಿಡಿದು ಕೂತಿದ್ದೆ. ಅವರ ಕನ್ನಡಕ ನನ್ನ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಇದರ ಜೊತೆ ಕಳಿಸುತ್ತಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು. ಅವರಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ನನ್ನ ದನಿ ಕೇಳಿ, "ಕೊರಿನ್, ಬಂದ್ಯೇನಮ್ಮಾ?" ಅಂದರು.

"ಬಂದೆ ಅಪ್ಪ" ಅಂದೆ.

"ನನ್ ಮೇಲೆ ಇನ್ನೂ ಕೋಪಾನಾ?"

"ಇಲ್ಲಪ್ಪಾ, ಅದೆಲ್ಲ ಯಾವತ್ತೋ ಹೋಯ್ತು."

ಅವರು ನನ್ನ ಕೈಯನ್ನು ಒಮ್ಮೆ ಒತ್ತಿದರು. ಮತ್ತೆ ಮಾತಾಡಲಿಲ್ಲ.

ನೀವೂ ನಿಮ್ಮ ತಂದೆಯೂ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಿರೆಂದು, ನಿಮ್ಮ ವಿಳಾಸ ಕೊಡುವಾಗ ನಿಮ್ಮ ಸೋದರತ್ತೆ ಹೇಳಿದರು. ಕಾರಣ ನಾನು ಕೇಳಲಿಲ್ಲ. ನೀವು ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದಿರೋ ನನಗೆ ಗೊತ್ತಿಲ್ಲ. ನಿಮ್ಮ ಉತ್ತರ ಬೇರೆಯಾಗಿದ್ದರೆ ನನ್ನನ್ನು ಬೈದು ಬರೆಯಿರಿ, ಓದಿಕೊಳ್ಳುತ್ತೇನೆ. ಅವರನ್ನು ಮಾತ್ರ ಬೈಯಬೇಡಿ. ಅವರು ನಂಬಿಕೊಂಡೇ ಹೋದರು.

ನಿಮ್ಮ ಕಾಗದ ಕಾಯುತ್ತಾ,
ವೆಲ್ಮಾ ಟಿಸ್ಡೇಲ್