ಹಗ್ಗ ಹಿಡಿದವರ ಪಾಲು

ಕೋಡಿ, ಕುಂದಾಪುರ
14 ನವೆಂಬರ್ 2024

ಇಲೋನಾ ಅವರಿಗೆ,

ಇಷ್ಟು ವರ್ಷ ‘ಅಕ್ಕ’ ಎಂದು ಕರೆದ ನಾಲಗೆಗೆ ಇವತ್ತು ಆ ಶಬ್ದವೇ ಕಹಿಯಾಗಿದೆ. ಫೋನ್ ಮಾಡಬಹುದಿತ್ತು. ಆದರೆ ನಾನು ಎರಡು ಮಾತು ಬೈದರೆ ನೀವು ಅಳಲು ಶುರು ಮಾಡುತ್ತೀರಿ, ಕೊನೆಗೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದು ನಿಮಗೊಬ್ಬರಿಗೇ ಬರುವ ವಿದ್ಯೆಯಲ್ಲ.

ನೀವು ಹಂಗೇರಿಯಿಂದ ಬಂದು ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಸೇರಿದಾಗ ಇಲ್ಲಿ ನಿಮಗೆ ಯಾರಿದ್ದರು? ಗಂಡನನ್ನು ಬಿಟ್ಟು ಬಂದವಳು, ಕಥೆ ಬರೆಯುತ್ತಾಳಂತೆ ಎಂದು ಕೇರಿಯವರು ನಕ್ಕರು. ದಡದಲ್ಲಿ ಕೈರಂಪಣಿ ಬಲೆ ಎಳೆಯುವಾಗ ನಿಮ್ಮನ್ನು ಕರೆದುಕೊಂಡು ಹೋದವಳು ನಾನು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು, ಯಾವ ಊರು, ಯಾವ ಜಾತಿ ಎಂದು ಕೇಳುವ ಕ್ರಮ ನಮ್ಮಲ್ಲಿಲ್ಲ. ಸೆರಗಿಲ್ಲದ ನಿಮಗೆ ಟೋಪಿಯಲ್ಲೇ ಬಂಗುಡೆ ಹಾಕಿಕೊಟ್ಟರು. ಅವತ್ತಿನಿಂದ ನೀವು ಕೋಡಿಯವರಾದಿರಿ. ನಮ್ಮ ಮಾತು ಕಲಿತಿರಿ, ಕನ್ನಡದಲ್ಲೇ ಪೇಪರಿಗೆ ಬರೆಯುವಷ್ಟಾದಿರಿ, ಕುಂಭಾಶಿಯಲ್ಲಿ ಸ್ವಂತ ಮನೆ ಮಾಡಿದಿರಿ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಹೆಮ್ಮೆಯಾಯಿತು.

ಆದರೆ ಮೀನಿನ ಪಾಲು ಬೇರೆ, ಮನೆಯೊಳಗಿನ ಗುಟ್ಟು ಬೇರೆ. ಅಷ್ಟು ಓದಿದವರಿಗೆ ಇದು ತಿಳಿಯಲಿಲ್ಲವೇ?

ನನ್ನ ದಿವ್ಯಾ ಹಗ್ಗ ಹಿಡಿದಲ್ಲೇ ಬಿದ್ದು ಕೈಕಾಲು ಸೆಟೆದ ದಿನ ನೀವೂ ಇದ್ದಿರಿ. ಬಿಸಿಲಿಗೆ ತಲೆ ತಿರುಗಿತು ಎಂದು ನಾನು ಊರಿಗೆಲ್ಲ ಹೇಳಿದೆ. ಫಿಟ್ಸ್ ಎಂದು ಗೊತ್ತಿದ್ದದ್ದು ಡಾಕ್ಟರಿಗೆ, ನಮಗೆ, ನಿಮಗೆ. ಹೋದ ಭಾನುವಾರದ ಪೇಪರಿನಲ್ಲಿ ನೀವು ಅದನ್ನೇ ಇಷ್ಟುದ್ದ ಬರೆದಿರಿ. ಹೆಸರು ಬದಲಿಸಿದ್ದೀರಂತೆ. ತಂದೆಯಿಲ್ಲದ ಹುಡುಗಿ, ತಾಯಿ ಮೀನು ಮಾರುವವಳು, ನಾವುಂದದಲ್ಲಿ ಮದುವೆ ಗೊತ್ತಾಗಿದೆ ಎಂದು ಬರೆದ ಮೇಲೆ ಹೆಸರು ಯಾರಿಗೆ ಬೇಕು? ಮಾರ್ಕೆಟ್ಟಿನಲ್ಲಿ ನನ್ನ ಬುಟ್ಟಿಯ ಮುಂದೆ ನಿಂತವರು ಮೀನಿನ ಬದಲು ಮಗಳನ್ನು ವಿಚಾರಿಸುತ್ತಾರೆ. ಸಂಬಂಧ ತಂದ ಪ್ರೇಮಾನಂದ ನಿನ್ನೆ ಬಂದಿದ್ದ. ಹುಡುಗನ ಮನೆಯವರು ಸದ್ಯಕ್ಕೆ ಬೇಡ ಅನ್ನುತ್ತಾರೆ ಎಂದು ಹೇಳಿ, ಕೊಟ್ಟ ಚಾಯನ್ನೂ ಮುಟ್ಟದೆ ಎದ್ದುಹೋದ.

ನೀವು ಹೊಸ ಬದುಕು ಕಟ್ಟಿಕೊಂಡಿರಿ, ಸಂತೋಷ. ಅದಕ್ಕೆ ನನ್ನ ಮಗಳ ಬದುಕನ್ನೇ ಕೆಡವಬೇಕಿತ್ತೇ?

ಇಷ್ಟಾದರೂ ಅವಳು ನಿಮ್ಮ ಪರ. ಇವತ್ತು ಬೆಳಿಗ್ಗೆ ನಾನು ನಿಮಗೆ ಶಾಪ ಹಾಕುತ್ತಿದ್ದಾಗ ಎದುರಿಗೆ ಬಂದು ನಿಂತು ಹೇಳಿದಳು: “ನಾನೇ ಅಕ್ಕನ್ ಹತ್ರ ಬರಿ ಅಂದ್ ಹೇಳದ್. ಮದಿ ಆಪುಕ್ ಮುಂಚೆ ಅವ್ರಿಗ್ ಗೊತ್ತಾಯ್ಕ್. ನೀ ಹೇಳುಕೇ ಬಿಡ್ಲಿಲ್ಲ.”

ಮದುವೆಗೆ ಮುಂಚೆ ಹುಡುಗನ ಮನೆಯವರಿಗೆ ತಿಳಿಯಬೇಕಂತೆ! ಕೆನ್ನೆಗೆ ಒಂದು ಕೊಟ್ಟೆ. ಕೊಟ್ಟದ್ದಕ್ಕೆ ನನಗೇನೂ ಬೇಸರವಿಲ್ಲ. ಅವಳು ಉಟ್ಟ ಬಟ್ಟೆಯಲ್ಲೇ ಹೊರಟುಹೋದಳು. ನಿಮ್ಮ ಮನೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ?

ಅವಳೇ ಹೇಳಿದಳು ಎಂದಿಟ್ಟುಕೊಳ್ಳೋಣ. ಚಿಕ್ಕ ಹುಡುಗಿ, ಬುದ್ಧಿಯಿಲ್ಲ. ನಿಮಗೆ ತಲೆ ನೆರೆತಿದೆಯಲ್ಲ? ತಾಯಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತೇನೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದು ನೀವು ನೆಮ್ಮದಿಯಾಗಿರಬಹುದು. ಊರಿನ ಬಾಯಿಗೆ ಸಿಕ್ಕಿಕೊಂಡವರು ನಾವು.

ಮಗಳನ್ನು ಕಳಿಸಿ ಎಂದು ಅಂಗಲಾಚುವುದಿಲ್ಲ. ಇಟ್ಟುಕೊಳ್ಳಿ. ನೀವು ಮಾತ್ರ ಇನ್ನು ನನ್ನ ಅಂಗಳಕ್ಕೆ ಕಾಲಿಡಬೇಡಿ. ಎದುರು ಸಿಕ್ಕಿದರೆ ಮಾತಾಡಿಸಬೇಡಿ, ಮೀನಿಗೂ ಬೇರೆಯವರನ್ನು ನೋಡಿಕೊಳ್ಳಿ.

ಜಲಜ
(ದಿವ್ಯಾಳ ತಾಯಿ)

ಮತ್ತೊಂದು: ಈ ಪತ್ರ ತಂದ ರಿಕ್ಷಾದ ಗಣಪನ ಕೈಯಲ್ಲಿ ಒಂದು ಡಬ್ಬಿಯಿದೆ, ಕೇಳಿ ತೆಗೆದುಕೊಳ್ಳಿ. ಅವಳು ಮಾತ್ರೆ ಬಿಟ್ಟುಹೋಗಿದ್ದಾಳೆ. ರಾತ್ರಿ ಊಟದ ಮೇಲೆ ಒಂದು, ಒಂದು ದಿನವೂ ತಪ್ಪಬಾರದು. ನೀವೇ ಅಂಗಡಿಯಿಂದ ತಂದದ್ದು ಅನ್ನಿ. ನಾನು ಕಳಿಸಿದ್ದೆಂದು ಗೊತ್ತಾದರೆ ತಿನ್ನಲಿಕ್ಕಿಲ್ಲ.