ಗಂಜಿಗೊಂದು ಅಡಿಟಿಪ್ಪಣಿ

ಶೋರ್‌ಲೈನ್, ನವೆಂಬರ್ ೧೬, ಭಾನುವಾರ

ನನ್ನ ಬಾಲ್ಯದ ಬಗ್ಗೆ ಬರೆದ ಪುಸ್ತಕವನ್ನು ನಾನೇ ಪ್ರಕಟಿಸಲು ಹೊರಟು ಮೂರು ದಿನವಾಯಿತು. ವೆಬ್‌ಸೈಟಿನ ಫಾರ್ಮಿನಲ್ಲಿ ‘ಓದುಗರು ಯಾರು?’ ಎಂಬ ಖಾನೆ ಇನ್ನೂ ಖಾಲಿ.

ಅದರಲ್ಲಿ ‘ಗಂಜಿ’ ಪದಕ್ಕೆ ಹಾಕಿದ ಅಡಿಟಿಪ್ಪಣಿ ನೋಡಿ ಹೆಂಡತಿ ವಾರಿಜಾ ಕೇಳಿದಳು: “ಅಲ್ಲಾ ರೀ, ಕನ್ನಡ ಓದೋರಿಗೆ ಗಂಜಿ ಗೊತ್ತಿರುತ್ತೆ. ಗಂಜಿ ಗೊತ್ತಿಲ್ದೋರಿಗೆ ಕನ್ನಡ ಓದಕ್ಕೆ ಬರಲ್ಲ. ಇದು ಯಾರಿಗೆ?”

ಟಿಪ್ಪಣಿಗಳನ್ನೆಲ್ಲ ಅಳಿಸಲು ಕೂತೆ. ‘ಜ್ವರ ಬಂದಾಗ ನಿನ್ನಜ್ಜಿ ಕೊಡುತ್ತಿದ್ದದ್ದು.’ ‘ನೀನು ಒಮ್ಮೆ ಉಗಿದದ್ದು.’ ಎಲ್ಲ ಕಡೆಯೂ ನೀನು, ನಿನ್ನ. ಇಷ್ಟನ್ನೂ ನಾನು ಬರೆದಿರುವುದು ಮಗಳು ಗ್ರೀಷ್ಮಾಗೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ.

ಫೋನ್ ಮಾಡಿ, “ನಾನೇ ಓದಿ ಹೇಳ್ಲಾ ಪುಟ್ಟಿ?” ಎಂದೆ.

“ಶೂರ್ ಅಪ್ಪಾ. ಹೌ ಮೆನಿ ಪೇಜಸ್?”

“ಸ್ವಲ್ಪ,” ಅಂದುಬಿಟ್ಟೆ.

ಮುನ್ನೂರ ಹನ್ನೆರಡಿದೆ.